ಛೀಯಕ್ಕನ ಎಂಟು ತೊಟ್ಟಿ

ಛೀಯಕ್ಕ ಎಂದು ಅವಳನ್ನು ಮೊದಲು ಕರೆದವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಆದರೆ ಆ ಹೆಸರು ಅವಳಿಗೆ ಒಪ್ಪಿದಷ್ಟು ಹೆತ್ತವರಿಟ್ಟ ಹೆಸರು ಒಪ್ಪಲಿಲ್ಲ. ದಿನಕ್ಕೆ ಏನಿಲ್ಲವೆಂದರೂ ನಲವತ್ತು ಸಲ ಅವಳ ಬಾಯಿಂದ ಆ ಶಬ್ದ ಹೊರಡುತ್ತಿತ್ತು. ಬಸ್ಸಿನ ಕಂಬಿ ಹಿಡಿದರೆ ಛೀ, ಹೋಟೆಲಿನ ಲೋಟದ ಅಂಚು ನೋಡಿದರೆ ಛೀ, ಬೆರಳಿಗೆ ಎಂಜಲು ಹಚ್ಚಿಕೊಂಡು ಕಾಗದ ಮಗುಚುವ ಗುಮಾಸ್ತ ಕಣ್ಣಿಗೆ ಬಿದ್ದರೆ ಎರಡು ಸಲ ಛೀ. ಅವಳ ಗಂಡ ದರ್ಜಿ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುವುದು ಅವನ ಅಭ್ಯಾಸ. ಮದುವೆಯಾದ ಮೂರನೇ ದಿನ ಅದನ್ನು ಕಂಡವಳು, ಅವನು ಹೊಲಿದುಕೊಟ್ಟ ಬಟ್ಟೆಯನ್ನು ಮೂರು ನೀರಿನಲ್ಲಿ ಒಗೆಯದೆ ಮೈಗೆ ಹಾಕಿಕೊಂಡವಳಲ್ಲ.

"ನಾನು ಹೊಲಿದದ್ದನ್ನ ಊರೆಲ್ಲ ಹಾಕ್ಕೊಳ್ಳುತ್ತೆ ಕಣೇ," ಎಂದು ಅವನು ಗೊಣಗುತ್ತಿದ್ದ.

"ಊರಿಗೆ ಗೊತ್ತಿಲ್ಲ ರೀ, ಅದಕ್ಕೇ ಹಾಕ್ಕೊಳ್ಳುತ್ತೆ," ಎನ್ನುತ್ತಿದ್ದಳು.

ಇಂಥವಳ ಜೊತೆ ಬಾಳುವುದು ಸುಲಭವಲ್ಲ, ಒಪ್ಪಿದೆ. ಆದರೆ ನನ್ನನ್ನು ಕೇಳಿದರೆ, ಈ ಲೋಕದಲ್ಲಿ ಹೇಸುವುದಕ್ಕೆಂದು ಏನೇನು ಇದೆಯೋ ಅದಕ್ಕೆಲ್ಲ ದಿನಕ್ಕೆ ನಲವತ್ತು ಛೀ ಎಲ್ಲಿ ಸಾಲುತ್ತದೆ? ನಾವು ಉಳಿದವರು ಮೂಗು ಮುಚ್ಚಿಕೊಂಡು ಸುಮ್ಮನಿರುವುದನ್ನು ಕಲಿತಿದ್ದೇವೆ, ಅವಳು ಕಲಿಯಲಿಲ್ಲ. ಅವಳಿಗೆ ಕೆಲಸ ಸಿಕ್ಕಿದ್ದೂ ಅದರಿಂದಲೇ.

ಊರಿನ ಅಂಚಿನಲ್ಲಿ, ಹಳೆ ಟೈರುಗಳ ಗೋದಾಮಿನ ಹಿಂದೆ ಒಂದು ಶೆಡ್ಡಿದೆ. ಮೇಲೆ ಮಸುಕು ಪ್ಲಾಸ್ಟಿಕ್ಕಿನ ಮಾಡು, ಸುತ್ತ ಬಲೆ, ಒಳಗೆ ಸಾಲು ಸಾಲಾಗಿ ನಲವತ್ತು ತೊಟ್ಟಿ. ಮಣ್ಣು ಎಂಬುದು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಿಗೆ ಮೆತ್ತಿಕೊಂಡದ್ದು ಎಷ್ಟೋ ಅಷ್ಟೆ. ತೊಟ್ಟಿಯ ಅಂಚಿನ ಮೇಲೆ ಥರ್ಮಕೋಲಿನ ಹಲಗೆ ಕೂರಿಸಿ, ಹಲಗೆಯ ತೂತುಗಳಲ್ಲಿ ಜಾಲರಿಯಂಥ ಪುಟ್ಟ ಬಟ್ಟಲು ಇಳಿಬಿಟ್ಟು, ಅದರಲ್ಲಿ ಸಲಾಡ್ ಸೊಪ್ಪಿನ ಗಿಡ ಬೆಳೆಸುತ್ತಾರೆ. ಕೆಳಗೆ ಗೊಬ್ಬರ ಕರಗಿಸಿದ ನೀರು. ಬೇರು ನೇರವಾಗಿ ಆ ನೀರಿಗೇ ಇಳಿಯುತ್ತದೆ. ಶೆಡ್ಡಿನ ಒಡತಿ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಿಯಾದವರು, ಎಲ್ಲರ ಬಾಯಲ್ಲೂ ಅವರು ಟೀಚರ್.

ಹನ್ನೆರಡು ವರ್ಷದ ಹಿಂದೆ ಛೀಯಕ್ಕ ಅಲ್ಲಿಗೆ ಬಂದದ್ದು ನೆಲ ಒರೆಸಲು, ಬಟ್ಟಲು ತೊಳೆಯಲು. ಬಂದ ಮೂರನೇ ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇಲ್ಲೇನೋ ಸತ್ತಿದೆ," ಎಂದಳು. ಇಲಿ ಇರಬೇಕು ಎಂದು ಎಲ್ಲರೂ ಒಂದು ಗಂಟೆ ಮೂಲೆ ಮೂಲೆ ಹುಡುಕಿದರು. ಅವಳು ಹೋಗಿ ಹದಿನಾಲ್ಕನೇ ತೊಟ್ಟಿಯ ಮುಂದೆ ನಿಂತಳು. ಆಗ ನೀರಿನ ಉಸ್ತುವಾರಿಯಲ್ಲಿದ್ದ ದಪ್ಪ ಮನುಷ್ಯ ನಕ್ಕುಬಿಟ್ಟ, ಯಾಕೆಂದರೆ ಆ ತೊಟ್ಟಿಯ ಎಲೆಗಳು ಇಡೀ ಶೆಡ್ಡಿನಲ್ಲೇ ಚೆನ್ನಾಗಿದ್ದವು. ಟೀಚರ್ ಹಲಗೆ ಎತ್ತಿ ನೋಡಿದರು. ಕೆಳಗೆ ಬೇರೆಂಬುದು ಉಳಿದಿರಲಿಲ್ಲ. ಚರಂಡಿಯಲ್ಲಿ ಸಿಕ್ಕಿಕೊಂಡ ಕೂದಲಿನ ಹಾಗೆ ಕಂದು ಬಣ್ಣದ ಲೋಳೆ ಜೋತಾಡುತ್ತಿತ್ತು. ಆ ಮನುಷ್ಯ ಒಂದೇ ಸಲಕ್ಕೆ ಕಂಠಮಟ್ಟ ನೀರು ತುಂಬಿಸಿ, ವಾರವಿಡೀ ಆ ಕಡೆ ತಲೆ ಹಾಕದೆ ಇರುತ್ತಿದ್ದನಂತೆ.

"ಬೇರಿಗೂ ಉಸಿರು ಬೇಕಮ್ಮ," ಎಂದು ಟೀಚರ್ ಅವತ್ತು ಹೇಳಿಕೊಟ್ಟರು. "ಸಸಿ ಚಿಕ್ಕದಿದ್ದಾಗ ನೀರು ಬಟ್ಟಲಿನ ತಳ ಮುಟ್ಟಬೇಕು. ಗಿಡ ಕುಡೀತಾ ಹೋದ ಹಾಗೆ ನೀರು ಇಳಿಯುತ್ತೆ. ಇಳೀಲಿ. ಹಲಗೆಗೂ ನೀರಿಗೂ ನಡುವೆ ಖಾಲಿ ಜಾಗ ಬಿಡುತ್ತಲ್ಲ, ಅಲ್ಲಿ ಬೇರಿನ ಮೇಲೆ ಬಿಳೀ ನವಿರು ಹುಟ್ಟುತ್ತೆ. ಕೆಳಗಿನ ಬೇರು ಕುಡಿಯುತ್ತೆ, ಮೇಲಿನದು ಉಸಿರಾಡುತ್ತೆ. ಗಾಳಿಗೆ ಅಂತ ಬೆಳೆದದ್ದನ್ನ ಮತ್ತೆ ಮುಳುಗಿಸಿದರೆ ಕೊಳೆಯುತ್ತೆ."

"ಬೇರು ಕೊಳೆತ್ರೆ ಎಲೆ ಬಾಡಲ್ವಾ ಟೀಚರ್?"

"ಮೊದಮೊದಲು ಬಾಡಲ್ಲ. ಆಮೇಲೆ ಬಾಡುತ್ತೆ. ಆಗ ನಮ್ಮ ಜನ ಬಾಯಾರಿದೆ ಅಂತ ಇನ್ನಷ್ಟು ನೀರು ಸುರೀತಾರೆ."

ಮುಳುಗುತ್ತಿರುವವನ ಬಾಯಿಗೆ ಮತ್ತೊಂದು ಚೊಂಬು ನೀರು ಹಿಡಿದ ಹಾಗೆ. ಛೀಯಕ್ಕನಿಗೆ ಇದು ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಟೀಚರ್ ಮರುವಾರವೇ ಆ ದಪ್ಪ ಮನುಷ್ಯನ ಕೆಲಸವನ್ನು ಅವಳಿಗೆ ಒಪ್ಪಿಸಿದರು. ಅಂದಿನಿಂದ ಬೆಳಗ್ಗೆ ಬಂದವಳೇ ಒಂದೊಂದೇ ಹಲಗೆ ಎತ್ತಿ, ಗೆರೆ ಕೊರೆದ ಕಡ್ಡಿ ಇಳಿಸಿ ನೀರಿನ ಮಟ್ಟ ನೋಡಿ, ಬಗ್ಗಿ ಮೂಸುವುದು ಅವಳ ಕೆಲಸವಾಯಿತು. ನೀರು ತೀರಾ ತಳ ಕಂಡರೆ ಎರಡು ಬೆರಳಿನಷ್ಟು ಮಾತ್ರ ಸೇರಿಸುವಳು. ನವಿರು ಒದ್ದೆಯಾಗುವಷ್ಟು ಯಾವತ್ತೂ ಇಲ್ಲ. ಆರೋಗ್ಯವಾಗಿರುವ ಬೇರಿಗೆ ಆಗತಾನೇ ಮುರಿದ ಸೌತೆಕಾಯಿಯ ವಾಸನೆ ಇರುತ್ತದೆ. ಆ ವಾಸನೆಯ ಮುಂದೆ ಮಾತ್ರ ಅವಳು ಛೀ ಎಂದದ್ದನ್ನು ಯಾರೂ ಕೇಳಿಲ್ಲ.

ಅವಳಿಗೊಬ್ಬ ತಮ್ಮ. ನಾಲ್ಕು ವರ್ಷ ಚಿಕ್ಕವನು. ಅಮ್ಮ ಬಟ್ಟೆ ಗಿರಣಿಯ ಪಾಳಿಗೆ ಹೋಗುತ್ತಿದ್ದಳು, ಅಪ್ಪ ಇರಲಿಲ್ಲ. ಹಾಗಾಗಿ ಅವನನ್ನು ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಶಾಲೆಗೆ ಎಳೆದುಕೊಂಡು ಹೋದದ್ದು ಎಲ್ಲ ಇವಳೇ. ಬೆಳೆದು ದೊಡ್ಡವನಾದ ಮೇಲೆ ಯಾವ ಕೆಲಸವೂ ಅವನ ಕೈಗೆ ಹತ್ತಲಿಲ್ಲ. ಪ್ರೆಸ್ಸಿನಲ್ಲಿ ಎಂಟು ತಿಂಗಳು, ಸೈಕಲ್ ಅಂಗಡಿಯಲ್ಲಿ ಒಂದು ವರ್ಷ, ಆಸ್ಪತ್ರೆಯ ಲಿಫ್ಟಿನಲ್ಲಿ ಗುಂಡಿ ಒತ್ತುವ ಕೆಲಸ ನಲವತ್ತು ದಿನ. ಕೆಟ್ಟವನಲ್ಲ. ಆದರೆ ಅವನಿಗೆ ಹೇಸಿಗೆ ಎಂಬುದೇ ಇರಲಿಲ್ಲ. ಚಹಾಕ್ಕೆ ನೊಣ ಬಿದ್ದರೆ ಬೆರಳಲ್ಲಿ ತೆಗೆದೆಸೆದು, "ಅದು ಕುಡಿದಿದ್ದಾದರೂ ಎಷ್ಟು ಮಹಾ?" ಎಂದು ಉಳಿದದ್ದನ್ನು ಕುಡಿಯುತ್ತಿದ್ದ. ಚಮಚ ಕೆಳಗೆ ಬಿದ್ದರೆ ಕಾಲುಚೀಲಕ್ಕೆ ಒರೆಸಿಕೊಳ್ಳುತ್ತಿದ್ದ. ಅದೂ ಮೂರು ದಿನ ಹಾಕಿದ ಕಾಲುಚೀಲ. ಅಕ್ಕ ಮುಖ ಆ ಕಡೆ ತಿರುಗಿಸಿ, "ಒಂದೇ ಹೊಟ್ಟೇಲಿ ಹುಟ್ಟಿದ್ದೀವಿ ಅಂದ್ರೆ ಯಾರು ನಂಬ್ತಾರೆ," ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ, ಅವನಿಗೆ ನಲವತ್ತೆಂಟು ತುಂಬಿದಾಗ, ಅವಳೇ ಟೀಚರ್ ಹತ್ತಿರ ಮಾತಾಡಿ ಅವನನ್ನು ಶೆಡ್ಡಿಗೆ ಸೇರಿಸಿದಳು. ಟೀಚರ್ ಅವನನ್ನು ಮೇಲಿಂದ ಕೆಳಗೆ ನೋಡಿ, ಸೇರುವ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು: "ನೋಡಪ್ಪಾ, ಇದು ಜನ ತಿನ್ನೋ ವಸ್ತು. ಗಿಡಕ್ಕೆ ಬ್ಲೀಚಿಂಗ್ ಗೀಚಿಂಗ್ ಮುಟ್ಟಿಸಿದವರು ಆವತ್ತೇ ಮನೆಗೆ ಹೋಗಬೇಕು. ಎರಡನೇ ಮಾತಿಲ್ಲ."

"ನನ್ನ ತಮ್ಮ ಟೀಚರ್, ನಾನು ನೋಡ್ಕೋತೀನಿ," ಎಂದು ಛೀಯಕ್ಕ ಅವನ ಪರವಾಗಿ ಮಾತು ಕೊಟ್ಟಳು.

ಎರಡು ವರ್ಷ ನೋಡಿಕೊಂಡಳು ಕೂಡ. ಆಮೇಲೆ ಗಂಡನ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಒಂದೇ ದಿನದಲ್ಲಿ ಮುಗಿಯಬೇಕಾದದ್ದು, ಕಣ್ಣಲ್ಲಿ ಕೀವು ತುಂಬಿ ಹನ್ನೆರಡು ದಿನ ಎಳೆಯಿತು. ಹೋಗುವ ಮುನ್ನ ತನ್ನ ಕಡ್ಡಿಯನ್ನು ತಮ್ಮನ ಕೈಗೆ ಕೊಟ್ಟು, ಕೊನೆಯ ಸಾಲಿನ ಎಂಟು ತೊಟ್ಟಿ ತೋರಿಸಿ, "ಇವು ನಾನು ಬರೋ ಹೊತ್ತಿಗೆ ತಯಾರಾಗುತ್ವೆ. ಮೇಲಿನ ಗೆರೆಗೆ ನೀರು ಮುಟ್ಟಿಸಬೇಡ, ತಿಳೀತಾ? ಅಷ್ಟು ಮಾಡಿದ್ರೆ ಸಾಕು," ಎಂದಳು. ಅವನು ತಲೆಯಾಡಿಸಿದ. ಯಾಕೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಸ್ಪತ್ರೆಯ ಆ ಹನ್ನೆರಡು ದಿನವನ್ನು ಛೀಯಕ್ಕ ಹೇಗೆ ಕಳೆದಳೋ. ಪಕ್ಕದ ಮಂಚದವರ ಉಗುಳುಬಟ್ಟಲು, ಬೇಸಿನ್ನಿನಲ್ಲಿ ತೇಲುವ ಹತ್ತಿ, ಗಂಡನ ಕಣ್ಣಿನಿಂದ ಇಳಿಯುವ ಹಳದಿ ನೀರು. ಬೆರಳ ತುದಿಯಲ್ಲಿ ಬಟ್ಟೆ ಹಿಡಿದು, ಮುಖ ಗೋಡೆಯ ಕಡೆ ಮಾಡಿ ಒರೆಸುತ್ತಿದ್ದಳು. "ಹೆಂಡತಿ ಒರೆಸ್ತಿದಾಳೋ ಗೋಡೆಗೆ ಬಣ್ಣ ಹೊಡೀತಿದಾಳೋ ಗೊತ್ತಾಗ್ತಿಲ್ಲ," ಎಂದು ಗಂಡ ಕಣ್ಣು ಮುಚ್ಚಿಕೊಂಡೇ ಹಾಸ್ಯ ಮಾಡಿದ. ಆದರೆ ಮಧ್ಯಾಹ್ನದ ಊಟದ ತಟ್ಟೆ ಬಂದಾಗ ಅದರಲ್ಲಿ ನಾಲ್ಕು ಹಸಿರೆಲೆ ಇದ್ದವು. ಅವಳಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ತಮ್ಮದೇ ಶೆಡ್ಡಿನವು. ವಾರಕ್ಕೆರಡು ಸಲ ಈ ಆಸ್ಪತ್ರೆಯ ಅಡುಗೆಮನೆಯ ವ್ಯಾನು ಶೆಡ್ಡಿಗೆ ಬಂದು, ಗಿಡವನ್ನು ಬೇರು ಸಮೇತ ಒಯ್ಯುತ್ತಿತ್ತು, ಬೇಯಿಸದೆ ಬಡಿಸುವುದಕ್ಕೆ. ಎದುರಿನ ಹೆಂಗಸರ ವಾರ್ಡಿನ ಬಾಗಿಲ ಪಕ್ಕದ ಮಂಚದಲ್ಲಿ ಹೊಟ್ಟೆಯ ಆಪರೇಶನ್ ಆದ ಒಬ್ಬ ಮುದುಕಿ ಆ ಎಲೆಗಳನ್ನು ಒಂದೊಂದಾಗಿ ಎತ್ತಿ, ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಆಡಿಸಿ ನುಂಗುತ್ತಿದ್ದಳು. "ಇದೊಂದು ಬಾಯಿಗೆ ಹಿತ ಕಣಮ್ಮಾ," ಎಂದು ಛೀಯಕ್ಕನಿಗೆ ಹೇಳಿದಳು. ಆ ಕಟ್ಟಡದಲ್ಲಿ ಛೀಯಕ್ಕ ಮನಸ್ಸಿಟ್ಟು ತಿಂದದ್ದೂ ಅದೊಂದೇ.

ಹದಿಮೂರನೇ ದಿನ ಗಂಡನನ್ನು ಮನೆಗೆ ಬಿಟ್ಟು, ಎರಡು ಸಲ ತಲೆಗೆ ನೀರು ಸುರಿದುಕೊಂಡು, ಹತ್ತು ಗಂಟೆಗೆ ಶೆಡ್ಡಿಗೆ ಬಂದಳು. ಹನ್ನೆರಡಕ್ಕೆ ವ್ಯಾನು ಬರುವುದಿತ್ತು. ತಮ್ಮ ಬಾಗಿಲಲ್ಲೇ ನಿಂತಿದ್ದ. ಒಗೆದ ಅಂಗಿ ಹಾಕಿ, ತಲೆ ಬಾಚಿಕೊಂಡಿದ್ದ. ಅಲ್ಲೇ ಅವಳಿಗೆ ಸಂಶಯ ಬರಬೇಕಿತ್ತು.

"ಬಾ ಅಕ್ಕ, ನೋಡು," ಎಂದು ಕೊನೆಯ ಸಾಲಿಗೆ ಕರೆದೊಯ್ದು, ಮೊದಲನೇ ತೊಟ್ಟಿಯ ಹಲಗೆಯನ್ನು ತಾನೇ ಎತ್ತಿ ಹಿಡಿದ.

ನೀರು ಕಡ್ಡಿಯ ಮೇಲಿನ ಗೆರೆಯಿಂದ ಕೆಳಗೇ ಇತ್ತು. ಬೇರು ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಗಳಿಗೆ ಅವಳ ಎದೆ ತುಂಬಿ ಬಂತು, ಇವನಿಗೂ ಕೊನೆಗೊಂದು ಕೆಲಸ ಕೈಹತ್ತಿತು ಎಂದು. ಮಾಮೂಲಿನಂತೆ ಬಗ್ಗಿ ಮೂಸಿದಳು. ಸೌತೆಕಾಯಿಯಿಲ್ಲ. ಕೊಳೆತ ವಾಸನೆಯೂ ಇಲ್ಲ. ಆಗತಾನೇ ತೊಳೆದ ಬಚ್ಚಲಿನ ವಾಸನೆ.

ಜೀವಮಾನವಿಡೀ ಶುಚಿ ಶುಚಿ ಎಂದು ಹಲುಬಿದ ಹೆಂಗಸು ಆ ಶುಚಿಯ ವಾಸನೆಗೆ ಮುಖ ಹಿಂದಕ್ಕೆ ಎಳೆದುಕೊಂಡಳು. ಬೇರನ್ನು ಬೆರಳ ನಡುವೆ ಹಿಡಿದು ನೋಡಿದಳು. ಗಾಳಿಯ ಜಾಗದಲ್ಲಿ ಇರಬೇಕಾದ ನವಿರಿನ ಸುಳಿವೇ ಇಲ್ಲ, ಒಗೆದು ಹಿಂಡಿದ ದಾರದ ಹಾಗೆ ನುಣ್ಣಗಿತ್ತು. ತುದಿಗಳೆಲ್ಲ ಒಂದೇ ಸಮ. ಬೇರು ಹಾಗೆ ಬೆಳೆಯುವುದಿಲ್ಲ, ಕತ್ತರಿ ಮಾತ್ರ ಹಾಗೆ ಕತ್ತರಿಸುತ್ತದೆ. ಗಿಡದ ಬುಡದಲ್ಲಿ ಹಣ್ಣೆಲೆ ಕಿತ್ತ ಗಾಯಗಳು ಇನ್ನೂ ಹಸಿಯಾಗಿದ್ದವು. ಎರಡನೇ ತೊಟ್ಟಿ, ಮೂರನೇ ತೊಟ್ಟಿ, ಎಂಟರ ತನಕ ಹಲಗೆ ಎತ್ತಿ ಎತ್ತಿ ನೋಡಿದಳು. ಎಲ್ಲವೂ ಬಚ್ಚಲು.

"ಏನು ಮಾಡಿದ್ಯೋ?"

"ಏನಿಲ್ಲ ಅಕ್ಕ."

"ನನ್ನ ಮುಖ ನೋಡಿ ಹೇಳು."

ಹೇಳಿದ. ಅವಳು ಹೋದ ಮರುದಿನ ಹಲಗೆ ಎತ್ತಿ ನೋಡಿದನಂತೆ, ನೀರು ಗೇಣುದ್ದ ಕೆಳಗಿತ್ತಂತೆ. ಅರ್ಧ ಬೇರು ಗಾಳಿಯಲ್ಲಿ ಜೋತಾಡುತ್ತಿತ್ತು. ಅಕ್ಕ ಆಸ್ಪತ್ರೆಯ ಗಡಿಬಿಡಿಯಲ್ಲಿ ನೀರು ಬಿಡುವುದನ್ನೇ ಮರೆತಿದ್ದಾಳೆ, ಟೀಚರ್ ಕಣ್ಣಿಗೆ ಬಿದ್ದರೆ ಅವಳಿಗೆ ಬೈಗುಳ ಎಂದುಕೊಂಡ. ಗೆರೆಯ ಮಾತು ನೆನಪಿತ್ತು. ಆದರೆ ಗಿಡ ಸಾಯುವಾಗ ಗೆರೆ ನೋಡುತ್ತ ಕೂರುವುದಕ್ಕಾಗುತ್ತದೆಯೇ? ಎಂಟಕ್ಕೂ ಅಂಚಿನ ತನಕ ನೀರು ತುಂಬಿಸಿದ. ಐದನೇ ದಿನ ಎಲೆ ಬಾಡಿತು. ಬಾಯಾರಿಕೆ ಇನ್ನೂ ಹೋಗಿಲ್ಲವೆಂದು ಮತ್ತೆ ತುಂಬಿಸಿದ. ಎಂಟನೇ ದಿನ ವಾಸನೆ ಬಂತು. ಹತ್ತನೇ ದಿನ ಬೇರು ಕೈಗೆ ಅಂಟಿಕೊಂಡು ಬಂತು.

"ಆಮೇಲೆ?"

"ಕೊಳೆತ ಬೇರನ್ನೆಲ್ಲ ಕತ್ತರಿಸಿದೆ, ಬಾಡಿದ ಎಲೆ ಕಿತ್ತೆ. ಉಳಿದದ್ದಕ್ಕೆ ಬಚ್ಚಲ ಬ್ಲೀಚಿಂಗ್ ಪೌಡರ್ ಹಾಕಿ ನೆನೆಸಿದೆ, ಚೂರೇ ಚೂರು. ಬೆಳ್ಳಗಾಯ್ತು. ನೀರು ತೆಗೆದು ಗೆರೆಯಿಂದ ಕೆಳಗೆ ಇಳಿಸಿದೆ. ಎರಡು ಸಲ ತೊಳೆದಿದೀನಿ ಅಕ್ಕ, ನಿನ್ನಾಣೆ."

"ಇದನ್ನ ಆಸ್ಪತ್ರೆಗೆ ಕಳಿಸ್ತಿದ್ಯಾ?"

"ಎಲೆ ಚೆನ್ನಾಗೇ ಇದೆಯಲ್ಲ. ಯಾರು ಬೇರು ತಿಂತಾರೆ?" ಎಂದ. ಆಮೇಲೆ ದನಿ ಇಳಿಸಿ, "ಟೀಚರ್‌ಗೆ ಹೇಳಬೇಡ ಅಕ್ಕ. ಇನ್ನೆಲ್ಲಿಗೆ ಹೋಗಲಿ ನಾನು, ಈ ವಯಸ್ಸಲ್ಲಿ?"

ಛೀಯಕ್ಕ ಗೋಡೆಯ ಗಡಿಯಾರ ನೋಡಿದಳು. ಹತ್ತೂ ಮುಕ್ಕಾಲು. ಇಲ್ಲಿ ಅವಳ ಬಗ್ಗೆ ಒಂದು ಮಾತು ಮುಚ್ಚಿಡದೆ ಹೇಳಬೇಕು. ಅವಳು ಒಳಗೆ ಹೋಗಿ ಕತ್ತರಿ ತಂದಳು. ಬೇರನ್ನು ಪೂರ್ತಿ ಕತ್ತರಿಸಿ ತೆಗೆದು, ಎಲೆಯ ಗೊಂಚಲನ್ನಷ್ಟೇ ಚೆನ್ನಾಗಿ ತೊಳೆದು ಬುಟ್ಟಿಗೆ ತುಂಬಿದರೆ? ಈ ಸಲ ಬೇರು ತೆಗೆದೇ ಕೊಡುತ್ತಿದ್ದೇವೆ ಎಂದು ಡ್ರೈವರಿಗೆ ಒಂದು ಮಾತು ಹೇಳಿದರೆ ಮುಗಿಯಿತು. ತಮ್ಮ ಉಳಿಯುತ್ತಾನೆ, ತಾನು ಕೊಟ್ಟ ಮಾತೂ ಉಳಿಯುತ್ತದೆ. ಒಂದು ಗಿಡ ಎತ್ತಿ ಕತ್ತರಿಯ ಬಾಯಿಗೆ ಇಟ್ಟಳು ಕೂಡ. ಆ ಮುದುಕಿಯ ಬಾಯಿ ಕಣ್ಣ ಮುಂದೆ ಬಂತು, ಎಲೆಯನ್ನು ಅತ್ತಿತ್ತ ಆಡಿಸುವ ಹಲ್ಲಿಲ್ಲದ ಬಾಯಿ. ಛೀಯಕ್ಕನಿಗೆ ತನ್ನ ಕೈ ಕಂಡೇ ಅಸಹ್ಯವಾಯಿತು. ಕತ್ತರಿಯನ್ನು ಕೆಳಗಿಟ್ಟಳು.

ಆ ಅಸಹ್ಯವೆಲ್ಲ ಸಿಟ್ಟಾಗಿ ತಮ್ಮನ ಮೇಲೆ ತಿರುಗಿತು. ಗಿಡ ಹಿಡಿದುಕೊಂಡೇ ಅವನ ರಟ್ಟೆ ಹಿಡಿದು, ಕೆಲಸದವರು ಊಟಕ್ಕೆ ಕೂರುವ ಕೋಣೆಗೆ ಎಳೆದುಕೊಂಡು ಹೋದಳು. ಅಲ್ಲಿ ಯಾರೂ ಇರಲಿಲ್ಲ. ಎಣ್ಣೆಬಟ್ಟೆ ಹಾಸಿದ ಮೇಜು, ನಾಲ್ಕು ಸ್ಟೂಲು, ಗೋಡೆಗೆ ಸಾಲಾಗಿ ತೂಗುಹಾಕಿದ ಚೀಲಗಳು. ಗಿಡವನ್ನು ಅವನ ಮುಂದೆ ಮೇಜಿನ ಮೇಲೆ ಕುಕ್ಕಿದಳು. ಬೇರಿನಿಂದ ಇಳಿದ ನೀರು ಎಣ್ಣೆಬಟ್ಟೆಯ ಮೇಲೆ ಹರಿಯಿತು.

"ಚೆನ್ನಾಗಿದೆ ಅಂದ್ಯಲ್ಲ. ತಿನ್ನು."

ಅವನು ಹಿಂಜರಿಯುತ್ತಾನೆ ಎಂದು ಅವಳು ಕಾದಳು. ಮುಖ ಕಿವುಚುತ್ತಾನೆ, ಬೇಡ ಅಕ್ಕ ಎನ್ನುತ್ತಾನೆ, ಆಗ ತಾನು, ನಿನಗೆ ಬೇಡವಾದದ್ದು ಕಾಯಿಲೆಯವರಿಗೆ ಬೇಕಾ ಎಂದು ಕೇಳುವವಳಿದ್ದಳು. ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು.

ಅವನು ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡ. ಅಗಿದು ನುಂಗಿದ. ಇನ್ನೊಂದು ಕಿತ್ತ. ತಲೆ ತಗ್ಗಿಸಿಕೊಂಡು, ಶಾಲೆಗೆ ಹೊತ್ತಾಗುತ್ತಿರುವ ಹುಡುಗನ ಹಾಗೆ ಗಬಗಬ ತಿನ್ನತೊಡಗಿದ. ಎಲೆ ಮುಗಿಯುತ್ತ ಬಂದು ನಡುವಿನ ದಂಟು ಉಳಿಯಿತು. ಅದನ್ನೂ ಕಚ್ಚಿದ. ಬ್ಲೀಚಿಂಗಿನ ಘಾಟು ಮೇಜಿನ ಈ ಕಡೆಗೂ ಹೊಡೆಯುತ್ತಿತ್ತು. ಛೀಯಕ್ಕ ಅವನ ಕೈಯಿಂದ ದಂಟು ಕಿತ್ತುಕೊಂಡಳು.

"ಸಾಕು, ಉಗುಳು! ಉಗುಳೋ!"

"ಏನೂ ಆಗಲ್ಲ ಅಕ್ಕ," ಎಂದ, ಬಾಯಿ ತುಂಬಿಕೊಂಡೇ. "ನೀನು ತಿನ್ನು ಅಂದದ್ದನ್ನ ಯಾವತ್ತಾದ್ರೂ ಬಿಟ್ಟಿದೀನಾ?"

"ಏನು ಹಾಗಂದ್ರೆ?"

"ಮರೆತುಬಿಟ್ಯಾ?" ಅವನು ನಿಜಕ್ಕೂ ಆಶ್ಚರ್ಯಪಟ್ಟ. "ಹಾಲಲ್ಲಿ ಕೆನೆ ಬಂದ್ರೆ ನಿಂಗೆ ಆಗ್ತಿರಲಿಲ್ಲ, ನನ್ನ ಲೋಟಕ್ಕೆ ಹಾಕ್ತಿದ್ದೆ. ಹುಳ ಕಂಡ ಬದನೆಕಾಯಿ, ಕೂದಲು ಸಿಕ್ಕಿದ ಅನ್ನ, ಕಪ್ಪಾದ ಬಾಳೆಹಣ್ಣು, ಎಲ್ಲ ನನ್ನ ತಟ್ಟೆಗೇ ಬರ್ತಿತ್ತು. ತಟ್ಟೇಲಿ ಬಿಟ್ರೆ ಅಮ್ಮ ಹೊಡೀತಿದ್ದಳಲ್ಲ. ಅವಳು ಬರೋದರೊಳಗೆ ತಿನ್ನು ತಿನ್ನು ಅಂತ ತೊಡೆ ಚಿವುಟ್ತಿದ್ದೆ ನೀನು. ಒಂದು ಸಲ ನಂಗೆ ವಾಂತಿ ಬಂತು, ನೀನು ಬಾಯಿ ಮುಚ್ಚಿ ಹಿಡ್ಕೊಂಡೆ. ಆಮೇಲೆ ಅಭ್ಯಾಸ ಆಯ್ತು. ಏನೂ ಅನಿಸ್ತಿರಲಿಲ್ಲ."

ದೂರುವ ದನಿಯೇ ಇರಲಿಲ್ಲ ಅದರಲ್ಲಿ. ಅಕ್ಕತಮ್ಮ ಕೂತು ಹಳೆಯದನ್ನು ನೆನೆಸಿಕೊಳ್ಳುವಾಗ ಬರುವ ಸಲಿಗೆಯ ದನಿಯಿತ್ತು, ಒಂದಿಷ್ಟು ಹೆಮ್ಮೆಯೂ ಇತ್ತು.

ಛೀಯಕ್ಕನಿಗೆ ನೆನಪಿದ್ದದ್ದು ಬೇರೆ. ಅಮ್ಮ ಪಾಳಿ ಮುಗಿಸಿ ಬಂದು, ಇವಳ ತಟ್ಟೆ ಎತ್ತಿ ದೀಪಕ್ಕೆ ಹಿಡಿದು, "ನನ್ನ ಮಗಳ ತಟ್ಟೆ ಕನ್ನಡಿ," ಎನ್ನುತ್ತಿದ್ದದ್ದು. ನಲವತ್ತೈದು ವರ್ಷದಿಂದ ಅವಳು ಆ ಮಾತನ್ನು ಜೋಪಾನ ಮಾಡಿಕೊಂಡು ಬಂದಿದ್ದಳು, ತನ್ನ ಶುಚಿಗೆ ಸಿಕ್ಕ ಮೊದಲ ಹೊಗಳಿಕೆ ಎಂದು. ಈಗ ಆ ತಟ್ಟೆಯ ಪಕ್ಕದಲ್ಲಿ ಇನ್ನೊಂದು ತಟ್ಟೆ ಕಂಡಿತು. ತೊಡೆಯ ಮೇಲೆ ತನ್ನದೇ ಉಗುರಿನ ಗುರುತು ಹೊತ್ತು, ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿರುವ ಐದು ವರ್ಷದ ಕೂಸು ಕಂಡಿತು. ತೊಟ್ಟಿಯ ಲೋಳೆ ಕಂಡು ಬಂದದ್ದು, ಕೀವು ಒರೆಸುವಾಗ ಬಂದದ್ದು ಯಾವುದೂ ಈ ಹೇಸಿಗೆಯ ಹತ್ತಿರಕ್ಕೆ ಬರುವಂಥದ್ದಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಳು.

"ಅಕ್ಕ, ನೀರು ತರಲಾ?"

"ಬೇಡ. ನೀನು ಕುಡಿ. ಬಾಯಿ ಮುಕ್ಕಳಿಸಿ ಉಗುಳಿ, ಆಮೇಲೆ ಕುಡಿ, ಎರಡು ಚೊಂಬು." ಅವನು ಕುಡಿದು ಮುಗಿಸುವ ತನಕ ಅಲ್ಲೇ ಕೂತು ನೋಡಿದಳು. ಆಮೇಲೆ ಎದ್ದು ಟೀಚರ್ ಕೋಣೆಗೆ ಹೋದಳು.

ಟೀಚರ್ ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿಸಿಕೊಂಡರು. ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಇವತ್ತು ಸೊಪ್ಪಿಲ್ಲ, ವ್ಯಾನು ಬೇಡ ಎಂದರು. ಆಮೇಲೆ ಕೇಳಿದರು: "ಯಾರು ಮಾಡಿದ್ದು?"

ನಾನೇ ಎಂದುಬಿಡಬಹುದಿತ್ತು. ಬಾಗಿಲ ತನಕ ಬರುವಾಗ ಅವಳ ಮನಸ್ಸಿನಲ್ಲಿ ಅದೂ ಇತ್ತು. ಆದರೆ ಸುಳ್ಳು ಹೇಳಿ ಅವನನ್ನು ಉಳಿಸಿದರೆ, ಇನ್ನೊಂದು ದಿನ ಇನ್ನೊಂದು ತೊಟ್ಟಿ, ಇನ್ನೊಂದು ಬಾಯಿ.

"ನನ್ನ ತಮ್ಮ, ಟೀಚರ್. ಆದ್ರೆ ಕಲಿಸಿದ್ದು ನಾನು. ಗೆರೆ ತೋರಿಸಿದೆ, ಯಾಕೆ ಅಂತ ಹೇಳಿಕೊಡಲಿಲ್ಲ. ಹೇಳಿದ ಮಾತು ಕೇಳ್ತಾನೆ ಅನ್ಕೊಂಡೆ. ಕೇಳೋದು ಬಿಟ್ಟು ಬೇರೇನೂ ನಾನವನಿಗೆ ಕಲಿಸಿಲ್ಲ."

"ಅವನು ಇವತ್ತೇ ಹೋಗಬೇಕಾಗುತ್ತಮ್ಮ."

"ಗೊತ್ತು ಟೀಚರ್."

"ಎಂಟೂ ತೊಟ್ಟಿ ಖಾಲಿ ಮಾಡಿ, ಉಜ್ಜಿ, ಬಿಸಿಲಿಗೆ ಬಿಡಬೇಕು. ಸಂಜೆಯೊಳಗೆ."

ತಮ್ಮನಿಗೆ ಅವಳೇ ಹೋಗಿ ಹೇಳಿದಳು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ಕೂತು ಚಪ್ಪಲಿಯ ಪಟ್ಟಿ ಬಿಗಿಯತೊಡಗಿದ. ಛೀಯಕ್ಕ ಕೊನೆಯ ಸಾಲಿಗೆ ಬಂದು ಗಿಡಗಳನ್ನೆಲ್ಲ ಕಸದ ಬುಟ್ಟಿಗೆ ಸುರಿದು, ತೊಟ್ಟಿಗಳ ಬಿರಡೆ ಒಂದೊಂದಾಗಿ ಕಿತ್ತಳು. ನೀರು ಒಂದಷ್ಟು ಹೊತ್ತು ಹೋಯಿತು. ಆಮೇಲೆ ನಿಂತಿತು. ಆಮೇಲೆ ನೆಲದ ಚರಂಡಿಯ ಬಾಯಿಂದ ಗುಳುಗುಳು ಎಂದು ಹಿಂದಕ್ಕೆ ಉಕ್ಕತೊಡಗಿತು, ಕಪ್ಪಗೆ, ನೊರೆನೊರೆಯಾಗಿ. ಕತ್ತರಿಸಿದ ಕೊಳೆತ ಬೇರನ್ನೆಲ್ಲ ಅವನು ಆ ಪೈಪಿಗೇ ತುರುಕಿದ್ದ. ಮೂರು ದಿನ ಮುಚ್ಚಿದ ಕೊಳವೆಯಲ್ಲಿ ಕೂತು ಮಾಗಿದ ಆ ನಾತವನ್ನು ಹೇಳುವುದಕ್ಕೆ ನನ್ನ ಬಳಿ ಮಾತಿಲ್ಲ, ಇದ್ದರೂ ಹೇಳುವುದಿಲ್ಲ. ಪಕ್ಕದ ಸಾಲಿನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಹೆಂಗಸರು ಮೂಗು ಹಿಡಿದುಕೊಂಡು ಹೊರಗೆ ಓಡಿದರು.

ತಮ್ಮ ಚೀಲ ಇಳಿಸಿ ಎದ್ದು ಬಂದ. ಯಾರೂ ಕರೆದಿರಲಿಲ್ಲ. ಅಂಗಿಯ ತೋಳು ಮೇಲೇರಿಸಿಕೊಂಡು, ಚರಂಡಿಯ ಪಕ್ಕ ಮೊಣಕಾಲೂರಿ ಕೂತು, ಕೈ ಇಳಿಸಲು ಹೊರಟ.

"ಏಳು," ಎಂದಳು.

"ಇದು ಕೈ ಹಾಕದೆ ಬರಲ್ಲ ಅಕ್ಕ."

"ಗೊತ್ತು. ನೀನು ಏಳು. ನಾನು ಹಾಕ್ತೀನಿ."

"ನಿನ್ನ ಕೈಲಿ ಆಗಲ್ಲ. ಬಿಡು, ನಂಗೇನೂ ಅನಿಸಲ್ಲ."

"ಅನಿಸಬೇಕಾಗಿತ್ತು ಕಣೋ," ಎಂದಳು ಛೀಯಕ್ಕ. "ನಿಂಗೂ ಅನಿಸಬೇಕಾಗಿತ್ತು."

ಅವನನ್ನು ಭುಜದಿಂದ ಪಕ್ಕಕ್ಕೆ ತಳ್ಳಿ, ಅವನು ಕೂತಿದ್ದ ಜಾಗದಲ್ಲಿ ತಾನು ಕೂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ತನಕ ಕೈ ಇಳಿಸಿದಳು. ಬೆರಳಿಗೆ ಬೆಚ್ಚಗಿನ ಲೋಳೆ ಸುತ್ತಿಕೊಂಡಿತು. ಹಿಡಿದು ಎಳೆದಳು, ಒಂದು ಹಿಡಿ ಬಂತು. ಪಕ್ಕಕ್ಕೆ ತಿರುಗಿ ವಾಂತಿ ಮಾಡಿದಳು. ತಮ್ಮ ಗಾಬರಿಯಾಗಿ ಹಿಂದಿನಿಂದ ಅವಳ ಹಣೆ ಹಿಡಿದುಕೊಂಡ. ಅವಳು ಭುಜಕ್ಕೆ ಬಾಯಿ ಒರೆಸಿಕೊಂಡು, ಮತ್ತೆ ಕೈ ಇಳಿಸಿದಳು.